ಆಲ್ಮಾಳ ಬೆಳ್ಳಿ ಸಟ್ಟುಗ

ಆಲ್ಮಾ ಹೌಸ್ಲಿ ಸತ್ತಾಗ ನಮ್ಮ ಬೀದಿಯವರು ಹೇಳಿದ್ದು ಒಂದೇ ಮಾತು: "ಕಹಿ ಹೆಂಗಸು, ಪಾಪ." ಆ ಪಾಪ ಅನ್ನುವುದು ಬಾಯಿಮಾತಿಗೆ. ಮಣ್ಣು ಮಾಡಿ ಬಂದು, ಅವಳದೇ ಮನೆಯಲ್ಲಿ ಕೂತು, ಹಂದಿಮಾಂಸ ಇಟ್ಟ ಬ್ರೆಡ್ಡು ತಿನ್ನುತ್ತ ಚಹಾ ಕುಡಿಯುತ್ತ, ಕೊನೆಯ ಏಳು ವರ್ಷ ಅವಳು ಯಾರ ಮುಖ ನೋಡಿಯೂ ನಗಲಿಲ್ಲ ಎಂದು ಆಡಿಕೊಂಡರು. ನನಗೆ ಮೈ ಉರಿದುಹೋಯಿತು. ಬೇವು ಬಿತ್ತಿದವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹೆಸರೂ ಹೊರಗೆ ಬರುತ್ತಿತ್ತು, ಅದು ಬೇರೆ ಮಾತು.

ನಾನು ಮೇಬಲ್. ಅವಳ ಪಕ್ಕದ ಚಕ್ರದಲ್ಲಿ ಇಪ್ಪತ್ತಾರು ವರ್ಷ ಬೆಳ್ಳಿ ಉಜ್ಜಿದವಳು. ಈ ಕೆಲಸ ಮಾಡುವ ಹೆಂಗಸರನ್ನು ಶೆಫೀಲ್ಡಿನಲ್ಲಿ ಬಫರ್ ಹುಡುಗಿಯರು ಅಂತಾರೆ. ಅರವತ್ತಾದರೂ ಹುಡುಗಿಯೇ, ಹಲ್ಲು ಬಿದ್ದರೂ ಹುಡುಗಿಯೇ. ತಲೆಗೆ ಕೆಂಪು ವಸ್ತ್ರ ಕಟ್ಟಿ, ಸೊಂಟದಿಂದ ಕಾಲಿನವರೆಗೆ ಕಂದು ಕಾಗದ ಸುತ್ತಿ ದಾರ ಬಿಗಿದು ಬೆಳಗ್ಗೆ ಎಂಟಕ್ಕೆ ಚಕ್ರದ ಮುಂದೆ ಕೂತರೆ, ಸಂಜೆ ಏಳುವ ಹೊತ್ತಿಗೆ ಮೂಗು, ಕಿವಿ, ಹಲ್ಲಿನ ಸಂದಿ ಎಲ್ಲ ಕಪ್ಪು. ತಿರುಗುವ ಚಕ್ರಕ್ಕೆ ಎಣ್ಣೆ ಕಲಸಿದ ಮರಳು ಹಚ್ಚಿ ಚಮಚ ಒತ್ತಿ ಹಿಡಿಯಬೇಕು. ಆ ಮರಳೆಲ್ಲ ಎಗರುವುದು ನಮ್ಮ ಮುಖಕ್ಕೇ.

ಉಜ್ಜುತ್ತಿದ್ದದ್ದಾದರೂ ಎಂಥವು! ದೊಡ್ಡಮನೆಗಳಲ್ಲಿ ಊಟದ ಮೇಜಿನ ಮೇಲೆ ಬಡಿಸುವುದಕ್ಕೆಂದೇ ಇಡುವ ಚಿತ್ತಾರದ ಬೆಳ್ಳಿ. ಹಣ್ಣು ಬಡಿಸಲು ಒಂದು ಚಮಚ, ಸಕ್ಕರೆ ಉದುರಿಸಲು ತೂತಿನದು ಇನ್ನೊಂದು, ದ್ರಾಕ್ಷಿ ಗೊಂಚಲಿಗೇ ಒಂದು ಕತ್ತರಿ, ಮೀನು ಎತ್ತಿ ಬಡಿಸಲು ಅಗಲ ಅಲಗಿನ ಸಟ್ಟುಗ. ನಾವೋ, ದನದ ಕೊಬ್ಬು ಸವರಿದ ಬ್ರೆಡ್ಡಿಗೂ ಈರುಳ್ಳಿಗೂ ಒಂದೇ ಚಾಕು ಇಟ್ಟುಕೊಂಡವರು. ಶುಕ್ರವಾರದ ಮೀನನ್ನು ಕಾಗದದಿಂದಲೇ ಬೆರಳಲ್ಲಿ ಕಿತ್ತು ತಿನ್ನುವವರು.

ಗೇಟಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಮನೆಗೆ ಹೊರಡುವ ಮುಂಚೆ ಕಾಲಿನ ಕಾಗದ ಬಿಚ್ಚಿ ಡಬ್ಬಕ್ಕೆ ಹಾಕಬೇಕು, ತಲೆವಸ್ತ್ರ ಬಿಚ್ಚಿ ಕಾವಲಿನವನ ಮುಂದೆ ಅದೇ ಡಬ್ಬದ ಮೇಲೆ ಕೊಡವಬೇಕು. ಆ ಧೂಳಿನಲ್ಲಿ ಬೆಳ್ಳಿ ಇರುತ್ತದಲ್ಲ, ಅದು ಯಜಮಾನರದ್ದು. ಕಾಗದ ಸುಟ್ಟು ಬೂದಿಯಿಂದ ಬೆಳ್ಳಿ ತೆಗೆಯುತ್ತಿದ್ದರು. ನಾವು ಕೈ ತೊಳೆದ ನೀರು ಕೂಡ ತೊಟ್ಟಿಗೆ ಹೋಗಿ ಅಲ್ಲಿ ತಳ ಕಟ್ಟಬೇಕು. ಎದೆಯೊಳಗೆ ಹೋದದ್ದನ್ನು ಮಾತ್ರ ನಮಗೇ ಬಿಟ್ಟಿದ್ದರು.

ಆಲ್ಮಾ ಹದಿಮೂರನೇ ವಯಸ್ಸಿಗೆ ಅಲ್ಲಿ ಸೇರಿದವಳು. ಅವಳ ಗಂಡ ವಿಲ್ಫ್ ಮೇಲಿನ ಅಟ್ಟದಲ್ಲಿ ಕೆತ್ತುವ ಕೆಲಸದವನು. ಬೆಳ್ಳಿಯನ್ನು ರಾಳದ ಮೇಲೆ ಕೂರಿಸಿ, ಸಣ್ಣ ಉಳಿ ಸುತ್ತಿಗೆ ಹಿಡಿದು ಎಲೆ, ಬಳ್ಳಿ, ಹಣ್ಣು ಉಬ್ಬಿಸುವುದು ಅವನ ಕಸುಬು. ಕೆತ್ತುವವರಿಗೂ ಉಜ್ಜುವವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ಮೂಡಿಸಿದ ಗೆರೆಯನ್ನು ನಾವು ತೇಯುತ್ತೇವೆ ಅಂತ ಅವರ ದೂರು. ಇವರಿಬ್ಬರು ಮದುವೆಯಾದಾಗ ಇಡೀ ಕಾರ್ಖಾನೆ ನಕ್ಕಿತ್ತು.

"ನಾನು ವಾರಗಟ್ಟಲೆ ಕೂತು ಎಬ್ಬಿಸಿದ್ದನ್ನ ನೀನು ಗಳಿಗೇಲಿ ಮಲಗಿಸ್ತೀಯಲ್ಲೇ," ಅನ್ನುತ್ತಿದ್ದ ವಿಲ್ಫ್ ಮಧ್ಯಾಹ್ನದ ಊಟಕ್ಕೆ ಕೆಳಗೆ ಬಂದಾಗ.

"ನೀನು ಎಬ್ಬಿಸಿದ್ದು ಎಷ್ಟು ಹೊತ್ತು ನಿಲ್ಲುತ್ತೆ ಅಂತ ಇವರಿಗೆಲ್ಲ ಹೇಳ್ಬಿಡ್ಲಾ?" ಅನ್ನುತ್ತಿದ್ದಳು ಆಲ್ಮಾ. ಹನ್ನೆರಡು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಹಿ ಹೆಂಗಸಂತೆ! ಅವಳು ನಕ್ಕರೆ ಚಕ್ರದ ಸದ್ದಿಗೂ ಮೇಲೆ ಕೇಳುತ್ತಿತ್ತು.

ನಮ್ಮ ಯಜಮಾನ ಮಿಸ್ಟರ್ ಗಾರ್ಸೈಡ್ ಹಳೆಯ ಮನೆತನಗಳ ಬೆಳ್ಳಿಯನ್ನು ತೂಕದ ಮೇಲೆ ಕೊಳ್ಳುತ್ತಿದ್ದರು. ಒಂದು ಸಲ ಅದರಲ್ಲಿ ಮೂರನೇ ಜಾರ್ಜ್ ದೊರೆಯ ಕಾಲದ, ನೂರು ವರ್ಷಕ್ಕೂ ಹಳೆಯ ಮೀನಿನ ಸಟ್ಟುಗವೊಂದು ಬಂತು. ಬೋಳು ಅಲಗು, ಹಿಂದೆ ಲಂಡನ್ನಿನ ಯಾರೋ ಸತ್ತುಹೋದ ಅಕ್ಕಸಾಲಿಗನ ಮುದ್ರೆ, ಅಷ್ಟೇ. ವಿಲ್ಫ್ ಅದನ್ನು ತನಗೆ ಕೊಡಿ ಅಂತ ಕೇಳಿ, ಸಂಬಳದಲ್ಲಿ ಮುರಿಸಿಕೊಂಡು ಒಂದು ವರ್ಷಕ್ಕೆ ಅದರ ಋಣ ತೀರಿಸಿದ. ಊಟದ ಬಿಡುವಿನಲ್ಲಿ ಎರಡು ಚಳಿಗಾಲ ಕೂತು ಕೆತ್ತಿದ. ಅವನೂ ಅವಳೂ ಮದುವೆಗೆ ಮುಂಚೆ ಭಾನುವಾರ ಸುತ್ತುತ್ತಿದ್ದ ಹಳ್ಳ, ದಾಟುವ ಕಲ್ಲುಗಳು, ಜೊಂಡು, ನಡುವೆ ಒಂದು ಮೀನು. ಇಂಥದ್ದನ್ನು ಅವನು ಸಂಬಳಕ್ಕೆ ಎಂದೂ ಕೆತ್ತಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

ಆ ಹೊತ್ತಿಗಾಗಲೇ ಅವನಿಗೆ ಕೆಮ್ಮು ಹತ್ತಿತ್ತು. ಮೀನಿನ ಕಣ್ಣು ಕೆತ್ತುವಾಗ ಒಂದು ಸಲ ಜೋರಾಗಿ ಬಂದು ಉಳಿ ಜಾರಿತು. ಕಣ್ಣಿನ ಮೇಲೆ ಒಂದು ರೆಪ್ಪೆ ಮೂಡಿದ ಹಾಗಾಯಿತು.

"ಲೋ ವಿಲ್ಫ್, ನಿನ್ನ ಮೀನು ನಂಗೆ ಕಣ್ಣು ಹೊಡೀತಿದೆ ಕಣೋ," ಅಂದೆ ನಾನು.

"ಅದಕ್ಕೂ ಗೊತ್ತಾಗಿದೆ, ನೀನು ಎಂಥವಳು ಅಂತ," ಅಂದ. ಸರಿಮಾಡಲು ಹೋಗಲಿಲ್ಲ. ಆಲ್ಮಾಳಿಗೆ ಒಂದೇ ಮಾತು ಹೇಳಿದ: "ಕೊನೇ ಉಜ್ಜು ಮಾತ್ರ ನೀನೇ ಉಜ್ಜಬೇಕು. ಮೆತ್ತಗೆ. ಇನ್ನೊಬ್ಬರ ಕೈಗೆ ಕೊಡಬೇಡ."

ಅವಳು ಉಜ್ಜುವ ಮೊದಲೇ, ಸಾವಿರದ ಒಂಬೈನೂರ ಮೂವತ್ತೆಂಟರ ಜನವರಿಯಲ್ಲಿ ಅವನು ತೀರಿಕೊಂಡ.

ಬೆಳ್ಳಿಯ ಚೂರೊಂದು ಗೇಟು ದಾಟಬೇಕಾದರೂ ಯಜಮಾನರ ಚೀಟಿ ಬೇಕು; ಇಲ್ಲದಿದ್ದರೆ ಅದು ಕಳವು. ಮಣ್ಣು ಮಾಡಿದ ಮರುವಾರ ಆಲ್ಮಾ ಚೀಟಿ ಕೇಳಲು ಹೋದಳು. ಗಾರ್ಸೈಡ್ ಕುರ್ಚಿ ಎಳೆದು ಕೂರಿಸಿದರಂತೆ. ಯಜಮಾನರು ಕುರ್ಚಿ ಕೊಟ್ಟರೆ ಎದ್ದು ಓಡಬೇಕು ಅಂತ ನಮ್ಮಮ್ಮ ಹೇಳುತ್ತಿದ್ದಳು.

"ಆಲ್ಮಾ, ಅದು ನಿಂದೇ, ಯಾರು ಇಲ್ಲ ಅಂದ್ರು? ಆದ್ರೆ ನಿಮ್ಮ ಮನೆ ಬಾಗಿಲಿಗೆ ನೆಟ್ಟಗೊಂದು ಚಿಲಕ ಇಲ್ಲ. ನನ್ನ ತಿಜೋರೀಲಿ ಭದ್ರವಾಗಿರಲಿ. ನೀನು ಕೆಲಸ ಬಿಡೋ ದಿನ ಎಲ್ಲರ ಮುಂದೆ ನನ್ನ ಕೈಯಾರೆ ಕೊಡ್ತೀನಿ."

ಹೀಗೆ ಮೂಗಿಗೆ ತುಪ್ಪ ಸವರಿ ಕಳಿಸಿದರು. "ಬರೆಸಿಕೊಂಡ್ಯಾ?" ಅಂತ ಕೇಳಿದೆ. "ವಿಲ್ಫ್ ಹೆಸರಲ್ಲಿ ಆಣೆ ಮಾಡಿದಾರೆ ಕಣೇ," ಅಂದಳು. ಸತ್ತವನ ಹೆಸರಲ್ಲಿ ಆಣೆ ಇಡುವುದಕ್ಕೆ ಯಾರಿಗೆ ಏನು ಖರ್ಚು.

ಮೊದಮೊದಲು ಪ್ರತಿ ಕ್ರಿಸ್ಮಸ್ಸಿನ ಹಿಂದಿನ ದಿನ ಗಾರ್ಸೈಡ್ ತಿಜೋರಿ ತೆಗೆದು ತೋರಿಸುತ್ತಿದ್ದರು. ಅವಳು ಕೈಯಲ್ಲಿ ಹಿಡಿದು, ಉಜ್ಜುವುದು ಅದು ತನ್ನ ಕೈಸೇರಿದ ದಿನವೇ ಅಂತ ಅಂಗಿಯ ತುದಿಯಿಂದಲೂ ಒರೆಸದೆ, ಮಂಕಾಗಿದ್ದ ಹಾಗೆಯೇ ವಾಪಸ್ಸು ಇಡುತ್ತಿದ್ದಳು. ಮನೆಯಲ್ಲಿ ಹಸಿರು ಉಣ್ಣೆಬಟ್ಟೆ ತಂದು ಅದರ ಅಳತೆಗೆ ಒಂದು ಚೀಲ ಹೊಲಿದು ಮೇಜಿನ ಖಾನೆಯಲ್ಲಿ ಇಟ್ಟಳು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ತನ್ನ ಮೇಜಿನ ಮೇಲೆ, ಒಂದು ಶುಕ್ರವಾರ, ವಿಲ್ಫ್‌ನ ಸಟ್ಟುಗದಲ್ಲಿ ಮೀನು ಎತ್ತಿ ಬಡಿಸಬೇಕು.

ಯುದ್ಧ ಮುಗಿದ ಮೇಲೆ ಇನ್ನೊಂದು ಕಾರ್ಖಾನೆಯವರು ಅವಳನ್ನು ಮೇಲ್ವಿಚಾರಕಿಯಾಗಿ ಕರೆದರು. ಚಕ್ರದ ಮುಂದೆ ಕೂರಬೇಕಾಗಿಲ್ಲ, ಧೂಳು ಕುಡಿಯಬೇಕಾಗಿಲ್ಲ.

"ಹೋಗೇ, ಪೆದ್ದಿ," ಅಂದೆ.

"ಈಗ ಹೋದ್ರೆ ಅದು ಕೆಲಸ ಬಿಡೋ ದಿನ ಆಗುತ್ತಾ, ಕೆಲಸ ಬದಲಾಯಿಸೋ ದಿನ ಆಗುತ್ತಾ? ಅವರು ಮಾತು ತಿರುಗಿಸಿದ್ರೆ?" ಅಂದಳು. ಹೋಗಲಿಲ್ಲ. ಆ ಧೂಳನ್ನು ಇನ್ನೂ ಹತ್ತು ಹನ್ನೆರಡು ವರ್ಷ ಕುಡಿದಳು.

ನಲವತ್ತೊಂಬತ್ತರ ಕ್ರಿಸ್ಮಸ್ಸಿಗೆ ತಿಜೋರಿ ತೆಗೆಯಲಿಲ್ಲ. ಬೀಗದ ಕೈ ಬ್ಯಾಂಕಿನಲ್ಲಿದೆ ಅಂದರು. ವಸಂತದಲ್ಲಿ ನೋಡಿದರೆ ಗಾರ್ಸೈಡರ ಕೋಣೆಯಲ್ಲಿ ಹೊಸ ಗಾಜಿನ ಬೀರು, ಅದರೊಳಗೆ ವೆಲ್ವೆಟ್ಟಿನ ಮೇಲೆ ಸಟ್ಟುಗ! ಮೆಟ್ಟಿಲು ಹತ್ತಿ ಹೋಗುವವರಿಗೆಲ್ಲ ಕಾಣುತ್ತಿತ್ತು. ಕಲ್ಲು, ಜೊಂಡು, ಕಣ್ಣು ಹೊಡೆಯುವ ಮೀನು, ಎಲ್ಲ ಇತ್ತು. ಆಲ್ಮಾ ಹಿಗ್ಗುವ ಬದಲು ಮುಖ ಕಪ್ಪಿಟ್ಟುಕೊಂಡು ಕೆಳಗೆ ಬಂದಳು.

"ಯಾರೋ ಉಜ್ಜಿದಾರೆ ಕಣೇ."

"ಏನನ್ನ?"

"ಅದನ್ನ. ಕನ್ನಡಿ ಥರ ಹೊಳೀತಿದೆ. ನಾನು ಉಜ್ಜಬೇಕಾಗಿತ್ತು. ನೀನಾ?"

ನನ್ನ ಮೇಲೇ ಬಂತು ಅನುಮಾನ! ನಾನಲ್ಲ ಅಂತ ನನ್ನ ಮಕ್ಕಳ ಮೇಲೆ ಆಣೆ ಇಟ್ಟರೂ ಒಂದು ತಿಂಗಳು ಮಾತು ಬಿಟ್ಟಳು. ಈಗ ನೆನೆದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಬೇರೆ ಯಾರಾದರೂ ಆಗಿದ್ದರೆ, ಹನ್ನೊಂದು ವರ್ಷ ಮಂಕಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಯಾಕೆ ಹೊಳೆಯಿತು ಅಂತ ಯೋಚಿಸುತ್ತಿದ್ದರೇನೋ. ನಾವು ಉಜ್ಜುವವರು. ಹೊಳಪು ಕಂಡರೆ ಯಾವ ಕೈಯ ಹೊಳಪು ಅಂತ ಹೊಟ್ಟೆಕಿಚ್ಚು ಪಡುತ್ತೇವೆಯೇ ಹೊರತು ಹೊಳೆಯುತ್ತಿರುವುದು ಏನು ಅಂತ ಕೇಳುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದನ್ನು ಮರೆತವರು ನಾವೇ.

ಆಮೇಲೆ ಆ ಕೋಪವೂ ಇಳಿಯಿತು. ದಿನಾ ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ನಿಂತು ಗಾಜಿನ ಕಡೆ ನೋಡಿ, "ಹೇಗಿದೀಯೋ?" ಅಂತ ಅದನ್ನು ಮಾತಾಡಿಸಿ ಬರುತ್ತಿದ್ದಳು. ಏಳು ವರ್ಷ ಹಾಗೆ ಮಾತಾಡಿಸಿದಳು.

ಐವತ್ತೇಳರ ಜೂನ್, ಶುಕ್ರವಾರ, ಅವಳ ಕೊನೆಯ ದಿನ. ಬೆಳಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಇಡೀ ಮೀನೊಂದನ್ನು ತಂದು, ತಣ್ಣಗಿರಲಿ ಅಂತ ಮನೆಯ ನೆಲಮಾಳಿಗೆಯ ಕಲ್ಲಿನ ಮೇಲೆ ಇಟ್ಟು ಬಂದಿದ್ದಳು.

"ಆರು ಗಂಟೆಗೆ ಬಾ. ಬೇರೆ ಯಾರನ್ನೂ ಕರ್ದಿಲ್ಲ. ಕೈ ತೊಳ್ಕೊಂಡು ಬಾ, ನಿನ್ನ ಉಗುರು ನೋಡಿದ್ರೆ ಮೀನೂ ಎದ್ದು ಓಡುತ್ತೆ," ಅಂದಳು. ಅಷ್ಟು ಖುಷಿಯಲ್ಲಿ ಅವಳನ್ನು ವಿಲ್ಫ್ ಸತ್ತಮೇಲೆ ನಾನು ನೋಡಿರಲಿಲ್ಲ.

ಸಂಜೆ ನಾಲ್ಕಕ್ಕೆ ಗಾರ್ಸೈಡ್ ಕೆಳಗೆ ಬಂದರು. ಮೇಜಿನ ಮೇಲೆ ಕೇಕು, ಚಹಾ. ಹನ್ನೆರಡು ಹೆಂಗಸರು ಕಪ್ಪು ಮುಖದಲ್ಲೇ ಸುತ್ತ ನಿಂತೆವು. ನಲವತ್ತೇಳು ವರ್ಷದ ನಿಷ್ಠೆ, ಒಂದೇ ಕುಟುಂಬ, ಹೀಗೆ ಏನೇನೋ ಮಾತಾಡಿ ಅವರು ವೆಲ್ವೆಟ್ ಪೆಟ್ಟಿಗೆ ಅವಳ ಕೈಗಿಟ್ಟರು. ನಾವು ಚಪ್ಪಾಳೆ ತಟ್ಟಿದೆವು. ಆಲ್ಮಾ ಸಟ್ಟುಗವನ್ನು ಎತ್ತಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ತೂಗಿದ ಹಾಗೆ ಹಿಡಿದಳು. ಆಮೇಲೆ ಅಲಗಿಗೆ ಉಗುರಿನಿಂದ ಒಮ್ಮೆ ಮೊಟಕಿದಳು. ಅದು ನಮ್ಮೆಲ್ಲರ ಅಭ್ಯಾಸ. ಕೈಗೆ ಬಂದದ್ದನ್ನು ಮೊಟಕಿಯೇ ನಾವು ಚಕ್ರಕ್ಕೆ ಕೊಡುವುದು. ಬೆಳ್ಳಿಯಾದರೆ ದನಿ ಎಳೆದು ನಿಲ್ಲುತ್ತದೆ.

ಟಪ್ ಅಂದಿತು, ಮರದ ಹಲಗೆ ಮೊಟಕಿದ ಹಾಗೆ.

ಹನ್ನೆರಡು ಹೆಂಗಸರಿಗೂ ಕೇಳಿತು. ಚಪ್ಪಾಳೆ ನಿಂತುಹೋಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಾರ್ಸೈಡ್ ಒಬ್ಬೊಬ್ಬರನ್ನಾಗಿ ನಮ್ಮನ್ನು ನೋಡುತ್ತ ಬಂದರು, ನನ್ನ ಹತ್ತಿರ ಬಂದಾಗ ಹುಬ್ಬು ಸ್ವಲ್ಪ ಏರಿಸಿದರು. ನಾನು ಚಪ್ಪಾಳೆ ತಟ್ಟಿದೆ. ಮೊದಲು ತಟ್ಟಿದವಳು ನಾನು. ನನ್ನ ಹಿಂದೆ ಉಳಿದವರೂ ತಟ್ಟಿದರು.

ಆಲ್ಮಾ ನನ್ನ ಕಡೆ ತಿರುಗಲಿಲ್ಲ. "ಸರ್, ಒಂದ್ನಿಮಿಷ," ಅಂದಳು. "ಇದಕ್ಕೆ ನನ್ನ ಕೈಯಿಂದ ಕೊನೇ ಉಜ್ಜು ಬಾಕಿ ಇದೆ. ವಿಲ್ಫ್‌ಗೆ ಮಾತು ಕೊಟ್ಟಿದ್ದೆ."

"ಈಗ್ಯಾಕೆ ಆಲ್ಮಾ? ಕೊಳೆಯಾಗುತ್ತೆ. ಬಾ, ಕೇಕ್ ಕತ್ತರಿಸು."

"ನಲವತ್ತೇಳು ವರ್ಷದಲ್ಲಿ ಆಗದೇ ಇರೋ ಕೊಳೆ ಇವತ್ತು ಒಂದು ದಿನಕ್ಕೆ ಆಗುತ್ತಾ ಸರ್?"

ಹೋಗಿ ತನ್ನ ಜಾಗದಲ್ಲಿ ಕೂತಳು. ಚಕ್ರ ತಿರುಗಲು ಬಿಟ್ಟಳು. ಕೊನೆಯ ಉಜ್ಜಿಗೆ ಕೆಂಪು ಪುಡಿ ಹಾಕುವುದು ಕ್ರಮ. ಅವಳು ಒರಟು ಮರಳು ತೆಗೆದುಕೊಂಡಳು. ಮೀನಿನ ಹೊಟ್ಟೆಯನ್ನು ಚಕ್ರಕ್ಕೆ ಒತ್ತಿ ಹಿಡಿದಳು. ಬೆಳ್ಳಿಯಾದರೆ ಎಷ್ಟು ಉಜ್ಜಿದರೂ ಬೆಳ್ಳಿಯೇ. ಇದು ಇಪ್ಪತ್ತು ಎಣಿಸುವುದರೊಳಗೆ ಕೆಂಪಗಾಯಿತು. ಸುತ್ತ ಬೆಳ್ಳಿಯ ಲೇಪ, ನಡುವೆ ಅಂಗೈಯಗಲ ತಾಮ್ರ. ತಂದು ಕೇಕಿನ ಪಕ್ಕದಲ್ಲಿ, ಗಾರ್ಸೈಡರ ಮುಂದೆ ಇಟ್ಟಳು.

"ಇದು ನಮ್ಮ ವಿಲ್ಫ್‌ದಲ್ಲ ಸರ್."

ಗಾರ್ಸೈಡರ ಕಿವಿಯವರೆಗೆ ಕೆಂಪೇರಿತು. ಆದರೆ ಅವರು ಕಿರುಚಲಿಲ್ಲ, ಬೈಯಲಿಲ್ಲ. ಮೆಲ್ಲಗೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಅದರಿಂದಲೇ ಅಚ್ಚು ತೆಗೆದದ್ದು ಆಲ್ಮಾ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. ನೋಡೋದಕ್ಕೆ ಎರಡೂ ಒಂದೇ. ನೀನೇನು ಅದನ್ನ ಮಾರೋಳಾ? ನೋಡೋದಕ್ಕೆ ತಾನೇ ನಿನಗೆ ಬೇಕಾಗಿದ್ದು?"

"ಅದು ಎಲ್ಲಿದೆ?"

"ನಲವತ್ತೊಂಬತ್ತರಲ್ಲಿ ಕೊಟ್ಟುಬಿಟ್ಟೆ. ಎಂಥಾ ಕೆಟ್ಟ ವರ್ಷ ಅಂತ ನಿನಗೂ ಗೊತ್ತು. ನಿಮ್ಮ ಸಂಬಳ ನಡೀಬೇಕಿತ್ತಲ್ಲ. ಲಂಡನ್ನಿನ ವ್ಯಾಪಾರಿ ಒಬ್ಬ ತಗೊಂಡ, ಅಮೆರಿಕದವರಿಗೆ ಮಾರಿದನಂತೆ."

"ಏನಂತ ಮಾರಿದ?"

ಅವರು ಕೇಕಿನ ಚಾಕುವನ್ನು ಅವಳ ಕಡೆ ಸರಿಸಿದರು. ಅವಳು ಬಿಡಲಿಲ್ಲ.

"ಯಾರ ಕೆಲಸ ಅಂತ ಮಾರಿದ ಸರ್?"

"ಹಿಂದೆ ಮುದ್ರೆ ಇತ್ತಲ್ಲ ಆಲ್ಮಾ. ಮೂರನೇ ಜಾರ್ಜ್ ಕಾಲದ್ದು ಅಂತ."

"ಮೀನೂ?"

"ಮೀನೂ."

"ಆ ಕಣ್ಣು?"

ಗಾರ್ಸೈಡ್ ಇಲ್ಲಿ ಸಣ್ಣಗೆ ನಕ್ಕರು. ಅವಳಿಗೆ ಇದರಿಂದ ಸಂತೋಷವಾದೀತು ಅಂತ ನಿಜವಾಗಿಯೂ ಅಂದುಕೊಂಡಿದ್ದರು, ದೇವರಾಣೆ. "ಅದನ್ನ ಆ ವ್ಯಾಪಾರಿ ಬಹಳ ಹೊಗಳಿ ಬರೆದಿದ್ದ. ಹಳೇ ಕಾಲದವರಿಗೆ ಎಂಥಾ ತಮಾಷೆಯ ಸ್ವಭಾವ ಇತ್ತು ನೋಡಿ ಅಂತ."

"ಅದು ನನ್ನ ಗಂಡನ ಕೆಮ್ಮು ಸರ್," ಅಂದಳು ಆಲ್ಮಾ.

ಕೇಕನ್ನು ಬೇರೆ ಯಾರೋ ಕತ್ತರಿಸಿದರು, ನಾನು ಒಂದು ತುಂಡು ತಿಂದೆ ಅನ್ನುವುದೂ ನೆನಪಿದೆ.

ಐದಕ್ಕೆ ಎಲ್ಲರೂ ಗೇಟಿನಲ್ಲಿ ಸಾಲು ನಿಂತೆವು. ಆಲ್ಮಾ ಕಾಲಿನ ಕಾಗದ ಬಿಚ್ಚಿ ಡಬ್ಬಕ್ಕೆ ಹಾಕಿದಳು. ತಲೆವಸ್ತ್ರ ಬಿಚ್ಚಲಿಲ್ಲ.

"ವಸ್ತ್ರ ಕೊಡವಮ್ಮಾ," ಅಂದ ಕಾವಲಿನವನು.

"ಇದು ನಂದು."

"ಬಟ್ಟೆ ನಿಂದೇ ತಾಯಿ, ಧೂಳು ಅವರದ್ದು."

"ಹಾಗಾದ್ರೆ ಪೊಲೀಸರನ್ನ ಕರಿ," ಅಂದು ಅವಳು ಗೇಟು ದಾಟಿದಳು. ಅವನು ಕರೆಯಲಿಲ್ಲ. ನನ್ನ ಸರದಿ ಬಂದಾಗ ನಾನು ನನ್ನದನ್ನು ಕೊಡವಿದೆ.

ಆರು ಗಂಟೆಗೆ ಹೋಗಲೋ ಬೇಡವೋ ಅಂತ ಅವಳ ಬಾಗಿಲ ಮುಂದೆ ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಅವಳೇ ಬಾಗಿಲು ತೆಗೆದು, "ಒಳಗೆ ಬಾ. ಕರೆದ ಮೇಲೆ ಕರೆದ ಹಾಗೆ," ಅಂದಳು. ಬಿಸಿಲು ಇನ್ನೂ ಇತ್ತು. ಮೇಜಿನ ಮೇಲೆ ಭಾನುವಾರದ ಬಿಳಿ ಬಟ್ಟೆ ಹಾಸಿತ್ತು. ಎರಡು ತಟ್ಟೆ, ನಡುವೆ ಬೆಣ್ಣೆಯಲ್ಲಿ ಬೇಯಿಸಿದ ಇಡೀ ಮೀನು. ಪಕ್ಕದಲ್ಲಿ ಆ ಹಸಿರು ಚೀಲವನ್ನು ಬೆಳಗ್ಗೆಯೇ ತೆಗೆದಿಟ್ಟಿದ್ದಳೆಂದು ಕಾಣುತ್ತದೆ. ನಾನು ನೋಡುತ್ತಿದ್ದ ಹಾಗೆಯೇ ಅವಳು ತಲೆಯಿಂದ ವಸ್ತ್ರ ಬಿಚ್ಚಿ, ಧೂಳು ಉದುರದ ಹಾಗೆ ಒಳಗೆ ಮಾಡಿ ಮಡಿಚಿ, ಚೀಲಕ್ಕೆ ತುರುಕಿ, ಖಾನೆಯಲ್ಲಿಟ್ಟು ಖಾನೆ ಮುಚ್ಚಿದಳು. ಹತ್ತೊಂಬತ್ತು ವರ್ಷ ಕಾದದ್ದಕ್ಕೆ ಅವಳ ಪಾಲಿಗೆ ಬಂದ ಬೆಳ್ಳಿ ಅಷ್ಟು.

ತಗಡಿನ ಸೌಟಿನಲ್ಲಿ ಮೀನು ಎತ್ತಲು ಹೋದಳು. ಅಗಲ ಸಾಲದೆ ಮೀನು ನಡುವೆ ಮುರಿದು ಬಟ್ಟೆಯ ಮೇಲೆ ಬಿತ್ತು. ಅದನ್ನು ಬೆರಳಲ್ಲೇ ಎತ್ತಿ ನನ್ನ ತಟ್ಟೆಗೆ ಹಾಕಿದಳು.

"ಮೇಬಲ್, ಮೊದಲನೇ ಚಪ್ಪಾಳೆ ನಿಂದು," ಅಂದಳು.

"ನಂಗಿನ್ನೂ ಹತ್ತು ವರ್ಷ ಅಲ್ಲಿ ದುಡೀಬೇಕು ಆಲ್ಮಾ."

"ಗೊತ್ತು ಕಣೇ. ತಿನ್ನು, ಆರಿಹೋಗುತ್ತೆ."

ಅವಳು ಒಂದು ತುತ್ತೂ ಮುಟ್ಟಲಿಲ್ಲ. ನಾನು ತಿನ್ನುವುದನ್ನೇ ನೋಡುತ್ತ ಕೂತಿದ್ದಳು. ನಾನು ತಲೆ ತಗ್ಗಿಸಿ ಪೂರ್ತಿ ತಿಂದೆ, ಮುಳ್ಳನ್ನು ತಟ್ಟೆಯ ಅಂಚಿಗೆ ಜೋಡಿಸಿದೆ, ಚೆನ್ನಾಗಿತ್ತು ಅಂತಲೂ ಅಂದೆ. ಆಮೇಲೆ ಅವಳು ನನ್ನನ್ನು ಮನೆಗೆ ಕರೆಯಲಿಲ್ಲ.

ಸೋಮವಾರ ಎಂಟಕ್ಕೆ ಅವಳ ಖಾಲಿ ಚಕ್ರದ ಪಕ್ಕದಲ್ಲಿ ಕೂತೆ. ಮೆಟ್ಟಿಲ ಮೇಲಿನ ಗಾಜಿನ ಬೀರುವಿನಲ್ಲಿ ಆಗಲೇ ಇನ್ನೊಂದು ಸಟ್ಟುಗ ಇಟ್ಟಿದ್ದರು. ಅಚ್ಚು ಇದ್ದೇ ಇತ್ತಲ್ಲ. ಅದೇ ಮೀನು, ಅದೇ ಕಣ್ಣು. ಸಂಜೆ ಗೇಟಿನಲ್ಲಿ ತಲೆವಸ್ತ್ರ ಕೊಡವಿ ಮನೆಗೆ ಹೋದೆ.